ಶುಕ್ರವಾರದ ಇಪ್ಪತ್ತು ಗುಂಡು

ನವೆಂಬರ್ 21, ಶುಕ್ರವಾರ. ಮಧ್ಯಾಹ್ನ 3.40ಕ್ಕೆ ಶಿರಾ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವರು ಮಧುಗಿರಿಯ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ರಂಗೇಶ್, ಮುಖ ಕೆಂಪೇರಿತ್ತು. ಹಿಂದಿನವರು ಶಿರಾದಲ್ಲೇ ಬಂದೂಕು ರಿಪೇರಿ ಮಾಡುವ ಹಫೀಜ್ ಸಾಬ್. ಜುಮ್ಮಾ ನಮಾಜಿಗೆ ತೊಟ್ಟ ಬಿಳಿ ಬಟ್ಟೆಯಲ್ಲೇ ಓಡಿ ಬಂದಿದ್ದ ಅವರಿಗೆ ಕುರ್ಚಿ ತೋರಿಸಿದರೂ ಕೂರಲಾಗಲಿಲ್ಲ.

ದೂರು ಚಿಕ್ಕದು. ಕ್ಲಬ್ಬಿಗೆ ಸೇರಿದ ಪಾಯಿಂಟ್ ಟೂ ಟೂ ಗುರಿ ರೈಫಲ್ ಹಫೀಜ್ ಸಾಬರ ಕಾರ್ಖಾನೆಯಿಂದ ಕಾಣೆಯಾಗಿದೆ. ಬಾಗಿಲು ಮುರಿದಿಲ್ಲ, ಬೀಗ ಒಡೆದಿಲ್ಲ. ಕೀಲಿ ಇರುವುದು ಹಫೀಜರ ಹತ್ತಿರ ಮಾತ್ರ.

ಇನ್ಸ್‌ಪೆಕ್ಟರ್ ಬಸವಲಿಂಗಯ್ಯ ದೂರನ್ನು ಎರಡು ಸಲ ಓದಿದರು. ಎಮ್ಮೆ ಕಳೆದರೆ ಠಾಣೆಯ ತಲೆನೋವು, ಬಂದೂಕು ಕಳೆದರೆ ಜಿಲ್ಲೆಯ ತಲೆನೋವು. ಭಾರತೀಯ ನ್ಯಾಯ ಸಂಹಿತೆ ಕಲಂ 305 ಮತ್ತು ಆಯುಧ ಕಾಯ್ದೆಯಡಿ ಎಫ್‌ಐಆರ್ ದಾಖಲಾಗಿ ಅರ್ಧ ಗಂಟೆಯಾಗುವುದರೊಳಗೆ ಮೇಲಿನಿಂದ ಮೂರು ಫೋನು ಬಂದವು. ಮೂರರಲ್ಲೂ ಒಂದೇ ಪ್ರಶ್ನೆ: ಆ ಸಾಬಿಯನ್ನು ಇನ್ನೂ ಯಾಕೆ ಒಳಗೆ ಹಾಕಿಲ್ಲ?

ಸಂಜೆ 5.10ಕ್ಕೆ ಪಂಚನಾಮೆ. ಹೆಡ್ ಕಾನ್ಸ್‌ಟೇಬಲ್ ಓಬಳಮ್ಮ ಬರೆದುಕೊಳ್ಳುತ್ತಿದ್ದರು, ಕಾನ್ಸ್‌ಟೇಬಲ್ ನವೀನ್ ಕುಮಾರ್ ಫೋಟೊ ತೆಗೆಯುತ್ತಿದ್ದ. ಹಿಂದೆ ಹುಣಸೆಹಣ್ಣಿನ ಗೋದಾಮಾಗಿದ್ದ ಉದ್ದನೆಯ ಕಟ್ಟಡವದು. ಮುಂಭಾಗದಲ್ಲಿ ಕಾರ್ಖಾನೆ. ಹಿಂದಕ್ಕೆ ಐವತ್ತು ಮೀಟರ್ ಉದ್ದದ ಓಣಿ, ಅದರ ತುದಿಯಲ್ಲಿ ಮಣ್ಣಿನ ಮೂಟೆಗಳ ಗೋಡೆ. ರಿಪೇರಿಯಾದ ಬಂದೂಕನ್ನು ಅಲ್ಲೇ ಹಾರಿಸಿ ನೋಡಲು ಪರವಾನಗಿ ಇತ್ತು.

"ಏನು ಕೆಲಸ ಮಾಡ್ತಿದ್ರಿ ಅದಕ್ಕೆ?" ಬಸವಲಿಂಗಯ್ಯ ಕೇಳಿದರು.

"ನಳಿಗೆ ಹೊಸದು ಸಾರ್. ಹಿಡಿ ನಾನೇ ಕೆತ್ತಿದ್ದು, ಅಕ್ರೋಟು ಮರದಲ್ಲಿ. ಅಶ್ವಿನಿ ಮೇಡಂ ಅಳತೆಗೆ."

"ಯಾರು ಅಶ್ವಿನಿ?"

ರಂಗೇಶ್ ಉತ್ತರಿಸಿದರು. ಅಶ್ವಿನಿ ಕ್ಲಬ್ಬಿನ ಹೆಮ್ಮೆ. ಮಲಗಿ ಗುರಿಯಿಡುವ ಸ್ಪರ್ಧೆಯಲ್ಲಿ ಮೂರು ವರ್ಷದ ಹಿಂದೆ ರಾಜ್ಯಕ್ಕೇ ಎರಡನೆಯವಳು, ಮಧುಗಿರಿ ಬಸ್ ನಿಲ್ದಾಣದಲ್ಲಿ ಅವಳ ಫ್ಲೆಕ್ಸ್ ಕಟ್ಟಿದ್ದರು. ಒಂದೂವರೆ ವರ್ಷದಿಂದ ಅಂಕ ಕುಸಿಯುತ್ತಿತ್ತು. ಹಳೆಯ ರೈಫಲ್ ಸವೆದಿದೆ ಎಂದು ಎಲ್ಲರೂ ಸೇರಿ ಹೊಸದು ಕಟ್ಟಿಸಿದರು. 29ಕ್ಕೆ ಬೆಂಗಳೂರಿನಲ್ಲಿ ಆಯ್ಕೆ ಸ್ಪರ್ಧೆ.

"ಹನ್ನೊಂದು ಸಲ ಬಂದಿದ್ದಾರೆ ಮೇಡಂ," ಎಂದರು ಹಫೀಜ್. ಆ ಗಾಬರಿಯಲ್ಲೂ ಕೆಲಸದ ಮಾತು ಬಂದಾಗ ಅವರ ದನಿ ನೆಟ್ಟಗಾಯಿತು. "ಚಾಪೆ ಮೇಲೆ ಮಲಗಿಸಿ ಕೆನ್ನೆ ಎಲ್ಲಿ ಕೂರ್ತದೆ, ಬೆರಳು ಎಲ್ಲಿಗೆ ಮುಟ್ತದೆ ನೋಡಿ ನೋಡಿ ಉಜ್ಜಿದೆ. ಕಬ್ಬಿಣ ಮರದಲ್ಲಿ ಕೂದಲೆಳೆ ಅಲುಗಬಾರದು ಅಂತ ಅಂಟು ಹಾಕಿ ಕೂರಿಸಿದೆ. ನಿನ್ನೆ ಈ ಸ್ಟ್ಯಾಂಡಿಗೆ ಬಿಗಿದು ಪರೀಕ್ಷೆ ಮಾಡಿದೆ. ನಾಲ್ಕು ಥರದ ತೋಟಾ, ಒಂದೊಂದರಲ್ಲಿ ಹತ್ತು ಗುಂಡು. ಇಲ್ಲಿ ನೋಡಿ."

ಗೋಡೆಗೆ ನಾಲ್ಕು ಗುರಿಕಾಗದ ಅಂಟಿಸಿದ್ದರು. ಮೂರರಲ್ಲಿ ತೂತುಗಳು ಒಂದರ ಪಕ್ಕ ಒಂದು ಚದುರಿದ್ದವು. ನಾಲ್ಕನೆಯದರಲ್ಲಿ ತೂತು ಒಂದೇ, ಕಡಲೆಕಾಳಿನಷ್ಟು. ಐವತ್ತು ಮೀಟರ್ ದೂರದಿಂದ ಹತ್ತು ಗುಂಡೂ ಅದರೊಳಗೇ ಹೋಗಿದ್ದವು.

"ನನ್ನ ಮೂವತ್ತೈದು ವರ್ಷದಲ್ಲಿ ಇಂಥದ್ದು ಮಾಡಿಲ್ಲ ಸಾರ್," ಎಂದ ಹಫೀಜರ ಕಣ್ಣು ತುಂಬಿತು.

"ರೈಫಲ್ಲು ಕಬ್ಬಿಣದ ಪೆಟ್ಟಿಗೆಯಲ್ಲಿ ಯಾಕಿರಲಿಲ್ಲ?"

"ರಂಗೇಶ್ ಸಾರ್ ಬಂದು ಸ್ಟ್ಯಾಂಡ್ ಮೇಲೇ ನೋಡ್ಲಿ ಅಂತ ಬಿಟ್ಟಿದ್ದೆ."

"ಕೀಲಿ?"

"ನನ್ನ ಹತ್ರಾನೇ ಇತ್ತು."

ಆ ಉತ್ತರ ಬೇಕಾದ್ದಕ್ಕಿಂತ ಬೇಗ ಬಂತು ಎಂದು ಬಸವಲಿಂಗಯ್ಯನವರಿಗೆ ಅನಿಸಿತು. ಅಷ್ಟರಲ್ಲಿ ನವೀನ್ ಕುಮಾರ್ ಮೇಜಿನ ಮೇಲಿದ್ದ ಹಲಗೆಯೊಂದನ್ನು ತೋರಿಸಿದ. ತೋಟಾ ನಿಲ್ಲಿಸಲು ಐವತ್ತು ಗುಳಿ ಕೊರೆದ ಹಲಗೆ. ಅದರಲ್ಲಿ ಇಪ್ಪತ್ತು ಖಾಲಿ ತೋಟಾಗಳು ಬಾಯಿ ಮೇಲಾಗಿ, ಎರಡು ಸಾಲಾಗಿ ನಿಂತಿದ್ದವು.

"ಇವು ನಿಮ್ಮವಾ?"

ಹಫೀಜ್ ಬಗ್ಗಿ ನೋಡಿದರು. "ಇಲ್ಲ ಸಾರ್. ನಾನು ಖಾಲಿದೆಲ್ಲ ಆ ಡಾಲ್ಡಾ ಡಬ್ಬಕ್ಕೆ ಎಸೀತೀನಿ. ನಾನು ಹೊಡೆದದ್ದು ನಲವತ್ತು. ಎಣಿಸಿ ನೋಡಿ."

ಡಬ್ಬದಲ್ಲಿ ನಲವತ್ತಿದ್ದವು. ಯಾರೋ ಬಂದು ರೈಫಲ್ ಕದಿಯುವ ಮೊದಲು ಇಪ್ಪತ್ತು ಗುಂಡು ಹಾರಿಸಿ, ಖಾಲಿ ತೋಟಾಗಳನ್ನು ಜೋಡಿಸಿಟ್ಟು ಹೋಗಿದ್ದರು. ಪೊಲೀಸ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿದ್ದರೂ ಇಷ್ಟು ಅಚ್ಚುಕಟ್ಟಾದ ಕಳ್ಳನನ್ನು ಬಸವಲಿಂಗಯ್ಯ ಕಂಡಿರಲಿಲ್ಲ.

ಕಾರ್ಖಾನೆಗೆ ಸೀಲು ಬಿತ್ತು. ಊರು ಬಿಡಬಾರದೆಂದು ಹಫೀಜರಿಂದ ಬರೆಸಿಕೊಂಡರು.

ಶನಿವಾರ, ಬೆಳಿಗ್ಗೆ 10.15. ಕಾರ್ಖಾನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ನಡೆಸುವ ನಾಗರತ್ನಮ್ಮನ ಹೇಳಿಕೆ.

"ನಿನ್ನೆ ಮದ್ಯಾನ ಸದ್ದು ಕೇಳುಸ್ತಾ?" ಓಬಳಮ್ಮ ಕೇಳಿದರು.

"ಕೇಳ್ದೆ ಇರ್ತದಾ? ದಿನಾ ಕೇಳೋದೆಯ. ಚಟ್ ಅಂತದೆ, ಪಟಾಕಿ ಅಂಗೆ."

"ಎಷ್ಟೊತ್ಗೆ?"

"ಒಂದು ಗಂಟೆ ಮ್ಯಾಲೆ. ಕರೆಂಟ್ ಹೋಗಿತ್ತು, ಸುಮ್ಕೆ ಕುಂತಿದ್ದೆ. ಸಾಬ್ರು ನಮಾಜಿಗೆ ಹೋದೋರು ಯಾವಾಗ ಬಂದ್ರು ಅಂದ್ಕಂಡೆ."

"ಸಾಬ್ರು ಹೊಡ್ಯೋ ಅಂಗೇ ಇತ್ತಾ?"

"ಇಲ್ಲ ಕಣಮ್ಮ. ಅವ್ರು ಗಡಿಯಾರ ಬಡ್ದಂಗೆ ಹೊಡೀತಾರೆ. ಇದು ಮೊದ್ಲು ಸರೀಗಿತ್ತು, ಆಮ್ಯಾಕೆ ತಡ ತಡ. ಕೊನೆ ಕೊನೆಗೆ ಒಂದು ಏಟಿಗೂ ಇನ್ನೊಂದಕ್ಕೂ ಒಂದು ಸೇರು ರಾಗಿ ಬೀಸಿಬುಡಬೋದಿತ್ತು. ನಂಗೇ ಕುಂತಲ್ಲಿ ಉಸ್ರು ಕಟ್ಟಿದಂಗಾಯ್ತು."

ಇನ್ವರ್ಟರ್ ಮೇಲೆ ನಡೆಯುವ ಮಸೀದಿಯ ಕ್ಯಾಮೆರಾದಲ್ಲಿ ಹಫೀಜ್ 12.50ಕ್ಕೆ ಒಳಹೋಗಿ 2.05ಕ್ಕೆ ಹೊರಬಂದದ್ದು ಸಿಕ್ಕಿತು. ಹಾಗಾದರೆ ಗುಂಡು ಹಾರಿಸಿದ್ದು ಅವರಲ್ಲ. ಆದರೆ ಕೀಲಿ ಕೊಟ್ಟದ್ದು ಅವರೇ ಇರಬಹುದಲ್ಲ, ಎಂದು ಮೇಲಿನವರು ಪಟ್ಟು ಹಿಡಿದರು. ಸೋಮವಾರದೊಳಗೆ ರೈಫಲ್ ಸಿಗದಿದ್ದರೆ ಹಫೀಜರನ್ನು ದಸ್ತಗಿರಿ ಮಾಡಬೇಕೆಂದು ಆದೇಶವಾಯಿತು.

ಅದೇ ದಿನ 12.30ಕ್ಕೆ ಹಫೀಜರ ಮನೆಯ ಜಗುಲಿಯಲ್ಲಿ ಓಬಳಮ್ಮ ಒಬ್ಬರೇ ಕೂತು ಕೇಳಿದರು.

"ಸಾಬ್ರೆ, ಜುಮ್ಮಾಕ್ಕೆ ಹೋಗೋವಾಗ ಬಟ್ಟೆ ಬದ್ಲಾಯಿಸ್ತೀರಾ?"

"ಹೌದಮ್ಮ. ಕೆಲಸದ ಬಟ್ಟೆಯಲ್ಲಿ ಎಣ್ಣೆ ಇರ್ತದೆ."

"ಕೀಲಿ ಯಾವ ಬಟ್ಟೇಲಿತ್ತು?"

ಹಫೀಜ್ ಗೋಡೆಯ ಮೊಳೆಯತ್ತ ನೋಡಿದರು. ಒಳಗಿನಿಂದ ಅವರ ಹೆಂಡತಿ ನಾಹಿದಾ, "ಬೋಲೋ ಜೀ, ಹೇಳಿಬಿಡಿ," ಎಂದರು.

"ಕೆಲಸದ ಅಂಗಿಯಲ್ಲೇ ಬಿಟ್ಟು ಹೋಗಿದ್ದೆ," ಹಫೀಜರ ದನಿ ಇಳಿದಿತ್ತು. "ಅಂಗಿ ಈ ಜಗುಲಿ ಮೊಳೆಗೆ ಹಾಕ್ತೀನಿ. ಎಷ್ಟೋ ವರ್ಷದಿಂದ ಹಾಗೇ. ಹೇಳಿದರೆ ಲೈಸೆನ್ಸ್ ಹೋಗ್ತದೆ. ಹೇಳದಿದ್ರೆ ನಾನೇ ಕಳ್ಳ ಆಗ್ತೀನಿ. ಯಾವ ಕಡೆ ಹೋಗ್ಲಿ ಅಮ್ಮ?"

"ಅಂಗಿ ಇಲ್ಲಿರ್ತದೆ ಅಂತ ಯಾರ್ಗೆಲ್ಲ ಗೊತ್ತು?"

"ಬಂದು ಹೋಗೋ ಎಲ್ಲರಿಗೂ."

ಭಾನುವಾರ ಬೆಳಿಗ್ಗೆ 8.20ಕ್ಕೆ ಬಸವಲಿಂಗಯ್ಯ ಮಧುಗಿರಿಯ ಕ್ಲಬ್ಬಿಗೆ ಹೋದರು. ಮಫ್ತಿಯಲ್ಲಿದ್ದರು, ಜೊತೆಗೆ ನವೀನ್ ಕುಮಾರ್ ಮಾತ್ರ. ಬೆಟ್ಟದ ನೆರಳು ಬೀಳುವ ಬಯಲಿನಲ್ಲಿ ತಗಡಿನ ಚಾವಣಿ, ಅದರ ಕೆಳಗೆ ಆರು ಜನ ಮಲಗಿ ಅಭ್ಯಾಸ ಮಾಡುತ್ತಿದ್ದರು. ಹೊಡೆದ ಖಾಲಿ ತೋಟಾಗಳು ಚಾಪೆಯ ಪಕ್ಕ ಬೀಳುತ್ತಿದ್ದವು. ಕೊನೆಗೆ ಎಲ್ಲವನ್ನೂ ಗುಡಿಸಿ ಬಕೀಟಿಗೆ ಹಾಕುವುದು ಅಲ್ಲಿನ ರೂಢಿ ಎಂದರು ರಂಗೇಶ್.

"ಕೊನೇ ಚಾಪೇಲಿರೋದೇ ಅಶ್ವಿನಿ. ಪಾಪ, ಎರವಲು ರೈಫಲ್ಲಲ್ಲಿ ಅಭ್ಯಾಸ ಮಾಡ್ತಾವ್ಳೆ. ಎರಡು ದಿನದಿಂದ ಊಟ ಬಿಟ್ಟವ್ಳೆ ಸಾರ್."

ಬಸವಲಿಂಗಯ್ಯ ಹೋಗಿ ಅವಳ ಹಿಂದೆ ನಿಂತರು. ಎಡಗೈಗೆ ಚರ್ಮದ ಪಟ್ಟಿ ಬಿಗಿದು ರೈಫಲ್ಲಿಗೆ ಕಟ್ಟಿಕೊಂಡಿದ್ದಳು. ದಪ್ಪ ಜಾಕೆಟ್ಟಿನ ಗುಂಡಿಗಳೂ ಬಿಗಿಯಾಗಿದ್ದವು. ಹಾಗೆ ಕಟ್ಟಿಕೊಂಡು ಮಲಗಿದವರು ಇನ್ನೊಬ್ಬರ ಸಹಾಯವಿಲ್ಲದೆ ಸರಕ್ಕನೆ ಏಳುವಂತಿರಲಿಲ್ಲ. ಅವಳ ಬೆರಳು ಟ್ರಿಗರಿನ ಮೇಲೆ ಬಂತು, ನಿಂತಿತು, ಹಿಂದೆ ಸರಿಯಿತು. ಮತ್ತೆ ಬಂತು. ಕತ್ತಿನ ಹಿಂಭಾಗದಲ್ಲಿ ಬೆವರು ಇಳಿಯುತ್ತಿತ್ತು. ಬಸವಲಿಂಗಯ್ಯ ಕೈಗಡಿಯಾರ ನೋಡಿದರು. ಒಂದು ನಿಮಿಷ ನಲವತ್ತು ಸೆಕೆಂಡು. ಕೊನೆಗೂ ಗುಂಡು ಹಾರಿದಾಗ ಅವಳ ಮೈಯೆಲ್ಲ ಬೆಚ್ಚಿತು, ಅದು ತನ್ನ ಗುಂಡೇ ಅಲ್ಲವೇನೋ ಅನ್ನುವ ಹಾಗೆ.

ಆಮೇಲೆ ಅವಳ ಬಲಗೈ ತಾನಾಗಿ ಕೆಲಸ ಮಾಡಿತು. ಖಾಲಿ ತೋಟಾ ಎತ್ತಿಕೊಂಡಿತು, ಪಕ್ಕದ ಹಲಗೆಯ ಗುಳಿಯಲ್ಲಿ ಬಾಯಿ ಮೇಲಾಗಿ ನಿಲ್ಲಿಸಿತು. ಅವಳು ಅತ್ತ ನೋಡಲೂ ಇಲ್ಲ. ಉಳಿದ ಐದು ಚಾಪೆಗಳ ಪಕ್ಕ ತೋಟಾಗಳು ನೆಲದ ಮೇಲೆ ಬಿದ್ದುಕೊಂಡಿದ್ದವು.

ನವೀನ್ ಕುಮಾರ್ ಸಾಹೇಬರ ಮುಖ ನೋಡಿದ. ಅವರು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

ಅವಳು ಎದ್ದು ಪಟ್ಟಿ ಬಿಚ್ಚುವವರೆಗೂ ಕಾದು, ಬಳಿಕ ಕೇಳಿದರು.

"ಹೀಗೆ ಯಾಕೆ ಜೋಡಿಸ್ತೀರಿ?"

"ಎಷ್ಟು ಹೊಡೆದೆ ಅಂತ ಗೊತ್ತಾಗ್ಲಿ ಅಂತ ಸಾರ್. ಮೊದಲಿಂದ ಅಭ್ಯಾಸ."

"ಶುಕ್ರವಾರ ಇಪ್ಪತ್ತೇ ಹೊಡೆದ್ರಲ್ಲ. ಮುಂದೆ ಯಾಕೆ ಹೊಡೀಲಿಲ್ಲ?"

ಅವಳ ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿತ್ತು. ಇಲ್ಲ ಎನ್ನಲಿಲ್ಲ. ಅದನ್ನು ಎತ್ತಿಕೊಳ್ಳುತ್ತಾ, "ರೈಫಲ್ಲು ಕ್ಯಾತಗಾನಚೆರ್ಲಲ್ಲಿದೆ ಸಾರ್," ಎಂದಳು. "ಅಕ್ಕನ ಮನೇಲಿ."

ಮಧ್ಯಾಹ್ನ 12.45ಕ್ಕೆ ಅಶ್ವಿನಿಯನ್ನೂ ಕೂರಿಸಿಕೊಂಡ ಜೀಪು ಪಾವಗಡ ದಾಟಿ, ಸೋಲಾರ್ ಫಲಕಗಳ ನಡುವಿನ ರಸ್ತೆಯಲ್ಲಿ ಆ ಊರಿಗೆ ತಲುಪಿತು. ಓಬಳಮ್ಮ ಶಿರಾದಿಂದ ಬಂದು ಸೇರಿಕೊಂಡಿದ್ದರು. ಅಕ್ಕ ಲಕ್ಷ್ಮೀದೇವಿಗೆ ಏನೂ ಗೊತ್ತಿರಲಿಲ್ಲ. ಅಟ್ಟದಿಂದ ಕಂಬಳಿ ಸುತ್ತಿದ ಗಂಟು ಇಳಿಸಿದಾಗ, "ದೇವುಡಾ, ಇದೇಮಿ, ಇದೇನೇ ಅಶ್ವಿನಿ? ಹಾಸಿಗೆ ಅಂದ್ಯಲ್ಲೇ!" ಎಂದು ಕೂಗಿ ಗೋಡೆಗೊರಗಿದಳು. ಪಂಚರ ಎದುರು ಗಂಟು ಬಿಚ್ಚಲಾಯಿತು. ರೈಫಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಜೊತೆಗೆ ಮಡಿಸಿದ ಎರಡು ಗುರಿಕಾಗದಗಳು. ಮೊದಲನೆಯದರಲ್ಲಿ ಹತ್ತು ತೂತು ಅಂಗೈಯಗಲಕ್ಕೆ ಹರಡಿದ್ದವು. ಎರಡನೆಯದರಲ್ಲಿ ಎಂಟೇ ತೂತು, ಉಳಿದೆರಡು ಗುಂಡು ಕಾಗದಕ್ಕೇ ಬಿದ್ದಿರಲಿಲ್ಲ.

2.05ಕ್ಕೆ ಅಶ್ವಿನಿಯ ದಸ್ತಗಿರಿ. ಸಂಜೆ 4.30ಕ್ಕೆ ಶಿರಾ ಠಾಣೆಯಲ್ಲಿ ಓಬಳಮ್ಮನ ಸಮ್ಮುಖದಲ್ಲಿ ಹೇಳಿಕೆ.

"ರೈಫಲ್ ಮಾರಬೇಕು ಅಂತಿದ್ರಾ?"

"ಇಲ್ಲ."

"ಮತ್ಯಾಕೆ?"

"ಚೆನ್ನಾಗಿತ್ತು ಸಾರ್, ಅದಕ್ಕೆ."

ಬಸವಲಿಂಗಯ್ಯ ಪೆನ್ನು ಕೆಳಗಿಟ್ಟರು.

"ಒಂದೂವರೆ ವರ್ಷದಿಂದ ನನ್ನ ಬೆರಳು ಆಡ್ತಿಲ್ಲ," ಅಶ್ವಿನಿ ಹೇಳಿದಳು. "ಗುರಿ ಕಾಣ್ತದೆ, ಕೈ ನಡುಗಲ್ಲ. ಒತ್ತಬೇಕು ಅಂದಾಗ ಒತ್ತೋಕಾಗಲ್ಲ. ಎದೆ ಬಡ್ಕೊಳ್ತದೆ, ಪಟ್ಟಿ ಬಿಗೀತದೆ, ಎದ್ದು ಓಡೋಣ ಅಂದ್ರೆ ಕಟ್ಟಿಹಾಕಿರ್ತದೆ. ಡಾಕ್ಟ್ರು ಏನೂ ಇಲ್ಲ ಅಂದ್ರು. ಏನೂ ಇಲ್ಲದ ಕಾಯಿಲೇನ ಯಾರಿಗೆ ಹೇಳ್ಲಿ? ರೈಫಲ್ ಸರಿಯಿಲ್ಲ ಅಂದೆ. ಎಲ್ಲರೂ ನಂಬಿದ್ರು. ನಂಬಿ ಹೊಸದು ಕಟ್ಟಿಸಿಬಿಟ್ರು. ಅಳತೆ ಕೊಡೋಕೆ ಹೋದಾಗೆಲ್ಲ ಇದೂ ಕೆಡ್ಲಿ ಅಂತ ಬೇಡ್ಕೊಳ್ತಿದ್ದೆ."

ಗುರುವಾರ ಸಂಜೆ ಅಶ್ವಿನಿ ಗೊರವನಹಳ್ಳಿ ಗುಡಿಯ ಲಕ್ಷ್ಮಿಗೆ ಕೈಮುಗಿದು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದಾಗ ಹಫೀಜ್ ಅವಳ ಫೋನಿಗೆ ಆ ನಾಲ್ಕನೆಯ ಕಾಗದದ ಚಿತ್ರ ಕಳಿಸಿದ್ದರು. ಇನ್ನು ನಿಮ್ಮದೇ ಗೆಲುವು ಮೇಡಂ ಎಂದು ಬರೆದಿದ್ದರು.

"ಬಸ್ಸಲ್ಲೇ ಅದನ್ನ ದೊಡ್ಡದು ಮಾಡಿ ನೋಡ್ದೆ. ಇನ್ನು ತಪ್ಪೆಲ್ಲ ನಂದೇ ಅಂತ ರುಜುವಾತಾಗಿಹೋಗಿತ್ತು. ಶುಕ್ರವಾರ ಜಗುಲಿ ಅಂಗಿಯಿಂದ ಕೀಲಿ ತಗೊಂಡು ಹೋಗಿ ಹೊಡೆದು ನೋಡ್ದೆ, ಆಮೇಲೆ ಕೀಲಿ ಅಲ್ಲೇ ಇಟ್ಟೆ. ಒಂದು ವೇಳೆ ಇದ್ರಲ್ಲಿ ಬೆರಳು ಆಡಬೋದೇನೋ ಅಂತ. ಆಡ್ಲಿಲ್ಲ."

"ಹಫೀಜ್ ಸಾಬ್ರು ಜೈಲಿಗೆ ಹೋಗ್ತಿದ್ರು, ಗೊತ್ತಾ ನಿಂಗೆ?" ಓಬಳಮ್ಮನಿಗೆ ತಡೆಯಲಾಗದ ಸಿಟ್ಟು ಬಂದಿತ್ತು. "ಎರಡು ದಿನ ಬಾಯಿ ಮುಚ್ಕಂಡಿದ್ದೆಯಲ್ಲ ತಾಯಿ! ಆವಯ್ಯ ನಿನ್ನನ್ನ ಮಗಳಂಗೆ ನೋಡ್ಕಂಡವ್ನೆ."

"ಗೊತ್ತಿತ್ತು," ಎಂದಳು ಅಶ್ವಿನಿ. "ಅದಕ್ಕೆ ಏನು ಶಿಕ್ಷೆ ಇದೆಯೋ ಅದನ್ನ ಕೊಡಿ."

ಹೇಳಿಕೆಗೆ ಸಹಿಯಾಯಿತು. ಹಫೀಜರ ಹೆಸರು ಶಂಕಿತರ ಸಾಲಿನಿಂದ ಸಾಕ್ಷಿಗಳ ಸಾಲಿಗೆ ಬಂತು. ಕೀಲಿಯ ವಿಚಾರವನ್ನು ಮಾತ್ರ ಬಸವಲಿಂಗಯ್ಯ ಇದ್ದದ್ದು ಇದ್ದ ಹಾಗೆ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಕಳಿಸಬೇಕಾಯಿತು. ಆ ಲೈಸೆನ್ಸು ಉಳಿಯುವುದು ಕಷ್ಟವೆಂದು ಅವರಿಗೆ ಗೊತ್ತಿತ್ತು, ಬೇಸರವೂ ಆಯಿತು.

ನ್ಯಾಯಾಧೀಶರ ಮನೆಗೆ ಕರೆದೊಯ್ಯಲು ಜೀಪು ಬರುವುದು ತಡವಾಗುವುದಿತ್ತು. ಬೆಂಚಿನ ಮೇಲೆ ಕೂತಿದ್ದ ಅಶ್ವಿನಿ ಓಬಳಮ್ಮನನ್ನು ಕರೆದಳು.

"ಅಕ್ಕಾ, ಇಪ್ಪತ್ತೊಂಬತ್ತರೊಳಗೆ ಜಾಮೀನು ಸಿಗ್ತದಾ?"

ಹುಡುಗಿಗೆ ಇನ್ನೂ ಸ್ಪರ್ಧೆಯ ಆಸೆ ಇದೆ ಎಂದುಕೊಂಡ ಓಬಳಮ್ಮನ ಸಿಟ್ಟು ಕರಗಿತು. "ಸುಳ್ಳು ಹೇಳಾಕಿಲ್ಲ ಕಣವ್ವ. ಬಂದೂಕಿನ ಕೇಸು. ಅಷ್ಟು ಬೇಗ ಸಿಗೋದು ಅನುಮಾನ."

"ಸಿಕ್ಕಿದ್ರೂ ಬೇಡ ಅಂತ ನಮ್ಮಕ್ಕಂಗೆ ಹೇಳಿ."

ಅಷ್ಟು ಹೇಳಿ ಗೋಡೆಗೆ ತಲೆ ಒರಗಿಸಿದಳು. ಹೊರಗೆ ಯಾವುದೋ ಜಮೀನು ಜಗಳದವರು ಗಲಾಟೆ ಮಾಡುತ್ತಿದ್ದರು, ವೈರ್‌ಲೆಸ್ಸು ಕಿರುಚುತ್ತಿತ್ತು. ನವೀನ್ ಕುಮಾರ್ ಟೀ ತಂದು ಎರಡು ಸಲ ಕರೆದ. ಅವಳು ಏಳಲಿಲ್ಲ. ಗಾಬರಿಯಿಂದ ಓಬಳಮ್ಮ ಬಂದು ಮೂಗಿನ ಹತ್ತಿರ ಕೈಯಿಟ್ಟು ನೋಡಿದರು.

"ಸಾರ್, ನಿದ್ದೆ ಮಾಡ್ತಾವ್ಳೆ," ಎಂದರು. "ಎಷ್ಟು ದಿನದ್ದೋ ಏನೋ."

ಜೀಪು ಬಂದಮೇಲೂ ಬಸವಲಿಂಗಯ್ಯ ಹತ್ತು ನಿಮಿಷ ಅವಳನ್ನು ಎಬ್ಬಿಸಲು ಯಾರಿಗೂ ಬಿಡಲಿಲ್ಲ. ಕೇಸ್ ಡೈರಿಯಲ್ಲಿ ಹೊರಟ ಸಮಯವನ್ನು ಸರಿಯಾಗಿ ಬರೆದರು, ತಡದ ಕಾರಣವನ್ನು ಬರೆಯಲಿಲ್ಲ.