ಹುಲಿಗೆವ್ವನ ಎದೆಯ ಪದರಗಳು

ಪದರದರ್ಶಕ ಯಂತ್ರ ಹುಲಿಗೆವ್ವನ ಎದೆಯ ಸುತ್ತ ಮೂರು ಸಲ ತಿರುಗಿ ನಿಂತಿತು. ಎದುರಿನ ಗೋಡೆಯ ಮೇಲೆ ಅವಳ ಶ್ವಾಸಕೋಶದ ಚಿತ್ರ ಆಳೆತ್ತರಕ್ಕೆ ಮೂಡಿತು. ಅವಳ ಗಂಡ ದುರಗಪ್ಪ ಬಾಗಿಲ ಬಳಿ ನಿಂತು ನೋಡುತ್ತಿದ್ದ.

ಹಳೆಯ ಎಕ್ಸ್-ರೇ ಎದೆಯಲ್ಲಿ ಕಲೆ ಇದೆ ಎಂದಷ್ಟೇ ಹೇಳುತ್ತಿತ್ತು. ಆದರೆ ಒಳಹೊಕ್ಕ ಕಲ್ಲಿನ ಧೂಳಿನ ಪ್ರತಿ ಕಣದ ಸುತ್ತಲೂ ದೇಹ ವರ್ಷವರ್ಷವೂ ತೆಳುವಾದ ಪೊರೆ ಕಟ್ಟುತ್ತದೆ. ಪದರದರ್ಶಕ ಆ ಪೊರೆಯ ದಪ್ಪವನ್ನು ಅಳೆದು, ಧೂಳು ಯಾವ ಕಲ್ಲಿನದು, ಯಾವ ವರ್ಷ ಒಳಗೆ ಬಂತು ಎಂಬುದನ್ನು ಪಟ್ಟಿಪಟ್ಟಿಯಾಗಿ ತೋರಿಸುತ್ತಿತ್ತು. ಇಳಕಲ್ ಸುತ್ತಿನ ಕಲ್ಲುಗಣಿ ಕಾರ್ಮಿಕರಿಗಾಗಿಯೇ ಅದನ್ನು ರೂಪಿಸಿದ್ದವರು ಡಾ. ಅರುಂಧತಿ ಪಟ್ಟೇದ.

ಗೋಡೆಯ ಮೇಲೆ ಇಪ್ಪತ್ತೊಂದು ವರ್ಷಗಳ ಕೆಂಪುಕಲ್ಲಿನ ಧೂಳಿತ್ತು. ನಡುವೆ ಮೂರು ವರ್ಷ ಮಾತ್ರ ಏನೂ ಇರಲಿಲ್ಲ. ಯಾವ ಕ್ವಾರಿಯಲ್ಲಿ ಕೆಲಸ ಮಾಡಿದ್ದೆ ಎಂದು ಅರುಂಧತಿ ಕೇಳಿದರು. ಹುಲಿಗೆವ್ವ ಇಲ್ಲವೆಂದು ತಲೆಯಾಡಿಸಿದಳು.

“ಕ್ವಾರಿಗೆ ಹೋಗಾಂವ ನಾನ್ರೀ,” ಎಂದ ದುರಗಪ್ಪ. “ಆಕಿ ಒಂದಿನಾನೂ ಅಲ್ಲಿ ಕಾಲಿಟ್ಟಿಲ್ಲ.”

ಹಾಗೆಂದವನು ಚಿತ್ರದ ಹತ್ತಿರ ಬಂದು, ಖಾಲಿ ಇದ್ದ ಮೂರು ವರ್ಷಗಳು ಯಾವುವೆಂದು ಕೇಳಿದ. ಅರುಂಧತಿ ಹೇಳಿದರು. ಅವನ ಕಾಲಿನ ಮೇಲೆ ಕಲ್ಲು ಬಿದ್ದು, ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ವರ್ಷಗಳು ಅವು.

ದಿನಾ ಸಂಜೆ ಅವನು ಕ್ವಾರಿಯಿಂದ ಬಂದು ಅಂಗಳದಲ್ಲಿ ಬಟ್ಟೆ ಬಿಚ್ಚಿಟ್ಟು, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದ. ಆ ಬಟ್ಟೆಗಳನ್ನು ನೆನೆಹಾಕುವ ಮೊದಲು ಹುಲಿಗೆವ್ವ ಗೋಡೆಗೆ ಬಡಿದು ಧೂಳು ಝಾಡಿಸುತ್ತಿದ್ದಳು.

ಗಂಡನ ಮುಖ ನೋಡಿ ಅವಳು ಎದ್ದು ಕುಳಿತಳು. “ಸಣ್ಣಾಕಿ ಇದ್ದಾಗ ನಮ್ಮಪ್ಪನ ಕೂಡ ಜಲ್ಲಿ ಒಡೀಲಿಕ್ಕ ಹೋಗ್ತಿದ್ದೆರಿ. ಮರತೇ ಬಿಟ್ಟಿದ್ದೆ. ಅದೇ ಇರಬೇಕು ನೋಡ್ರಿ.”

ಅವಳ ಅಪ್ಪ ಸಾಯುವ ತನಕ ಕುರಿ ಕಾಯ್ದವನು. ಅದು ದುರಗಪ್ಪನಿಗೆ ಗೊತ್ತಿತ್ತು. ಬಾಲ್ಯದ ಕಾಲಕ್ಕೆ ಪಟ್ಟಿಯಲ್ಲಿ ಒಂದು ಕಣವೂ ಇರಲಿಲ್ಲ. ಅದು ಅರುಂಧತಿಗೆ ಕಾಣುತ್ತಿತ್ತು. ತಮ್ಮ ಯಂತ್ರ ಸುಳ್ಳು ಹೇಳುವುದಿಲ್ಲವೆಂದು ಎಷ್ಟೋ ಸಭೆಗಳಲ್ಲಿ ವಾದಿಸಿದ್ದವರು ಅವರು.

“ಇರಬಹುದವ್ವಾ,” ಎಂದರು.

ದುರಗಪ್ಪನೂ ಹೌದೆಂದು ಗೋಣು ಹಾಕಿದ.

ಆಮೇಲೆ ಗಂಡಹೆಂಡಿರು ಆ ಮಾತೆತ್ತಲಿಲ್ಲ. ಅವನು ಕ್ವಾರಿ ಬಿಟ್ಟ. ರೊಟ್ಟಿ ಬಡಿಯಲು ಕಲಿತ, ಅವಳ ಸೀರೆಗಳನ್ನು ತಾನೇ ಒಗೆದು ಹರವಿದ. ಯುಗಾದಿಯ ಹೊತ್ತಿಗೆ ಅವಳಿಗೆ ಬಾಗಿಲ ತನಕ ನಡೆಯಲೂ ಆಮ್ಲಜನಕ ಬೇಕಾಯಿತು. ಆಷಾಢದಲ್ಲಿ ತೀರಿಕೊಂಡಳು.

ಮೂರು ವಾರ ಕಳೆದು ದುರಗಪ್ಪ ಒಬ್ಬನೇ ಆಸ್ಪತ್ರೆಗೆ ಬಂದ. ತನ್ನ ಎದೆಯನ್ನೂ ನೋಡಬೇಕೆಂದ. ಅರುಂಧತಿ ಕಾರಣ ಕೇಳದೆ ಅವನನ್ನು ಮಲಗಿಸಿದರು.

ಕ್ವಾರಿಯಲ್ಲಿ ಅವನು ಧೂಳು ಸೋಸುವ ಮುಖದ ಮುಸುಕನ್ನು ಯಾವತ್ತೂ ತೆಗೆದವನಲ್ಲ. ಹುಲಿಗೆವ್ವ ದಿನಾ ಬೆಳಿಗ್ಗೆ ಆಣೆ ಹಾಕಿಸಿಯೇ ಕಳಿಸುತ್ತಿದ್ದಳು. ಗೋಡೆಯ ಮೇಲೆ ಮೂಡಿದ ಚಿತ್ರದಲ್ಲಿ ಪಟ್ಟಿಗಳೇ ಇರಲಿಲ್ಲ.

“ಎಷ್ಟ ಐತ್ರಿ?” ಎಂದು ಕೇಳಿದ.

“ಏನೂ ಇಲ್ಲ ದುರಗಪ್ಪಾ. ನಿಮ್ಮ ಎದಿ ಸ್ವಚ್ಛ ಐತಿ.”

ಅವನು ಮಲಗಿದಲ್ಲಿಂದ ಏಳಲಿಲ್ಲ.

“ಇನ್ನೊಂದ ಸಲ ನೋಡ್ರಿ ಮೇಡಂ,” ಎಂದ. “ಸ್ವಲ್ಪರ ಇರಬೇಕು.”

ಅರುಂಧತಿ ಯಂತ್ರವನ್ನು ಮತ್ತೆ ತಿರುಗಿಸಿದರು.