ಅಲುಗದ ಹಾಸಿಗೆ

ಹಾಸಿಗೆಯ ಈ ತುದಿಯಲ್ಲಿ ಅಂಚಿನವರೆಗೆ ಚಹಾ ತುಂಬಿದ ಸ್ಟೀಲ್ ಲೋಟ. ಆ ತುದಿಯಲ್ಲಿ ಕ್ವಿಂಟಲ್ ತೂಕದ ಪೈಲ್ವಾನನೊಬ್ಬ ದೊಪ್ಪನೆ ಬಿದ್ದು ಹೊರಳಾಡಿದ. ಲೋಟದೊಳಗೆ ಒಂದು ಸಣ್ಣ ತೆರೆಯೂ ಏಳಲಿಲ್ಲ. 2057ರ ಬೇಸಿಗೆಯ ಮಧ್ಯಾಹ್ನ, ಹುಬ್ಬಳ್ಳಿಯ ಹಾಸಿಗೆ ಮಳಿಗೆಯಲ್ಲಿ ನೆರೆದವರೆಲ್ಲ ಬಾಯಿ ತೆರೆದು ನಿಂತಿದ್ದರು.

ಅದು ಡಾ. ಮೇಘನಾ ಹಂಚಿನಾಳ ಹನ್ನೊಂದು ವರ್ಷ ದುಡಿದು ರೂಪಿಸಿದ ಫೋಮ್. ಅದರೊಳಗೆ ಸಾಸಿವೆಗಿಂತ ಸಣ್ಣ ಕೋಟ್ಯಂತರ ಗುಳ್ಳೆಗಳು, ಗುಳ್ಳೆಗಳೊಳಗೆ ಒಂದು ದ್ರವ. ಮೆಲ್ಲಗೆ ಒತ್ತಿದರೆ ಜೇನಿನಂತೆ ಸರಿದು ಮೈಗೆ ಜಾಗ ಬಿಡುತ್ತದೆ. ಥಟ್ಟನೆ ಅಲುಗಿಸಿದರೆ ಇದ್ದಲ್ಲೇ ಬಿಗಿದುಕೊಂಡು ಆ ಅಲುಗಾಟವನ್ನೇ ನುಂಗಿಬಿಡುತ್ತದೆ. ನುಂಗಿದ ಗುರುತಿಗೆ ತುಸು ಬೆಚ್ಚಗಾಗುತ್ತದೆ, ಅಷ್ಟೇ.

ಮಲಗಿ ನೋಡಿಯೇ ಆರಿಸಬೇಕೆಂಬುದು ಅಲ್ಲಿನ ಪದ್ಧತಿ. ಗಟ್ಟಿ, ನಡುವಣ, ಮೆದು ಎಂದು ಮೂರು ಬಗೆ. ನಗರ ಬಸ್ಸಿನ ಚಾಲಕಿ ಸಿಂಚನಾ ಬಡಿಗೇರ ಎರಡನೆಯದರ ಮೇಲೆ ಮೈ ಚಾಚಿದಳು. ಬೆನ್ನ ಕೆಳಗೆ ಉಣಕಲ್ ಕೆರೆ ಮೆಲ್ಲಗೆ ಹರಡಿಕೊಂಡಂತಾಯಿತು. ದಡ ಎಲ್ಲೋ ದೂರ ಹೋಯಿತು. ಬಸ್ಸಿನ ಹಾರ್ನು, ಮೊದಲ ಟ್ರಿಪ್ಪು, ಕುಕ್ಕರಿನ ಸೀಟಿ ಎಲ್ಲವೂ ನೀರಿನಡಿ ಇಳಿದವು. ಕಣ್ಣು ಬಿಟ್ಟಾಗ ಗಂಟೆ ಕಳೆದಿತ್ತು. ಪಕ್ಕದಲ್ಲಿ ಮೇಘನಾ ನಗುತ್ತ ನಿಂತಿದ್ದರು.

“ಯಾವ ಗಾದಿ ಸೇರ್ತು, ತಂಗಿ?”

“ಮೂರನೇದೂ ನೋಡಬೇಕಿತ್ರಿ ಮೇಡಂ. ಎರಡನೇದರಾಗ ನಿದ್ದಿ ಹೋಗಿಬಿಟ್ಟೆ.”

“ಹಂಗಾರ ಆರಿಸಿದ್ದು ಆತು ಬಿಡು!”

ಮನೆಯ ಹಳೆಯ ಹತ್ತಿ ಗಾದಿ ಅಟ್ಟ ಸೇರಿತು. ಸಿಂಚನಾಳ ಗಂಡ ಗೂಡ್ಸ್ ರೈಲಿನವನು, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಅವಳು, ಏಳು ವರ್ಷದ ಮಗಳು ಇಬ್ಬನಿ, ಇಬ್ಬರೇ. ಹುಡುಗಿಗೆ ಉಬ್ಬಸ. ಅದು ಬಂದಾಗ ಕೂಗಲು ಉಸಿರು ಇರುವುದಿಲ್ಲವೆಂದು, ಹಿಮ್ಮಡಿಯಿಂದ ಗಾದಿ ಗುದ್ದಲು ತಾಯಿಯೇ ಕಲಿಸಿದ್ದಳು. ಎಷ್ಟೋ ಸಲ ಗುದ್ದುವ ಮೊದಲೇ ಆ ಪುಟ್ಟ ಎದೆಯ ಏರಿಳಿತ ಹತ್ತಿಯೊಳಗಿಂದ ಬಂದು ಅವಳನ್ನು ಎಬ್ಬಿಸಿಬಿಡುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಸಿಂಚನಾ ಹೂವಿನಂತೆ ಎದ್ದು ಕುಳಿತಳು. ಇಬ್ಬನಿ ಹಾಸಿಗೆಯ ಆಚೆ ಅಂಚಿನಲ್ಲಿ ಗೋಡೆಗೊರಗಿದ್ದಳು. ತುಟಿ ಬಿಳುಚಿತ್ತು. ಕೈಯಲ್ಲಿ ಔಷಧದ ಪಂಪು.

“ಭಾಳ ಸಲ ಗುದ್ದಿದೆ ಅವ್ವಾ. ನೀ ಏಳಲೇ ಇಲ್ಲ. ಆಮ್ಯಾಲ ನಾನs ಪಂಪು ಹೊಡ್ಕೊಂಡೆ.”

ಅಂದು ಸಿಂಚನಾ ರಜೆ ಹಾಕಿದಳು. ಹಾಸಿಗೆ ಸುತ್ತಿ ಮಳಿಗೆಗೆ ಹೊತ್ತುಕೊಂಡು ಹೋದಳು.

“ಇದನ್ನ ಹೊಳ್ಳಿ ತಗೋರಿ.”

“ಯಾಕ, ನಿದ್ದಿ ಬರಲಿಲ್ಲೇನು?”

“ಬಂತ್ರಿ ಮೇಡಂ. ಅದs ಪಜೀತಿ ಆತು.”

ಅವಳು ಹೇಳಿ ಮುಗಿಸುತ್ತಲೇ ಮೇಘನಾ ತಮ್ಮ ಟಿಪ್ಪಣಿ ಪುಸ್ತಕ ತೆರೆದರು. ಹನ್ನೊಂದು ವರ್ಷದ ಪ್ರಯೋಗಗಳಲ್ಲಿ ಅಲುಗಾಟ ಎಂಬುದನ್ನೆಲ್ಲ ಅವರು ಒಂದೇ ತಲೆಬರಹದಡಿ ಬರೆದಿಟ್ಟಿದ್ದರು: ತೊಂದರೆ.

ಅದನ್ನು ತಿದ್ದಲು ಮೂರು ತಿಂಗಳು ಹಿಡಿಯಿತು. ಫೋಮಿನೊಳಗೆ ಕೂದಲಿಗಿಂತ ತೆಳುವಾದ ಎಳೆಗಳನ್ನು ನೇಯ್ದರು. ಒಬ್ಬೊಬ್ಬರ ಉಸಿರಿಗೂ, ಹೊರಳಾಟಕ್ಕೂ ಅದರದೇ ಲಯವಿರುತ್ತದೆ. ಬೇಕಾದ ಲಯವನ್ನು ಮಾತ್ರ ಆ ಎಳೆಗಳು ದಾಟಿಸುತ್ತಿದ್ದವು, ಉಳಿದದ್ದನ್ನು ಗುಳ್ಳೆಗಳು ನುಂಗುತ್ತಿದ್ದವು.

“ಉಬ್ಬಸದ ನಡುಕ ಅಷ್ಟs ನಿನ್ನ ಕಡೆ ಬಿಡ್ತೀನಿ. ಹುಡುಗಿ ಸುಮ್ಮನ ಹೊರಳಿದ್ರ ನಿನಗ ಗೊತ್ತಾಗೂದಿಲ್ಲ. ಆಗಬಹುದಲ್ಲ?”

ಸಿಂಚನಾ ಫೋಮಿನ ಮೇಲೆ ಅಂಗೈ ಊರಿ ಕುಳಿತಳು.

“ಹೊರಳೂದೂ ಬರ್ಲಿ ಬಿಡ್ರಿ.”

“ನಿದ್ದಿಗೆಟ್ಟು ಸಾಯ್ತಿ, ಹುಚ್ಚಿ.”

“ಏಳು ವರ್ಷ ಕೆಟ್ಟೀನಲ್ರಿ, ಸತ್ತೀನೇನು? ಕನಸಿನಾಗ ಆಕಿ ನಗತಾಳ್ರಿ ಮೇಡಂ. ಆವಾಗ ಗಾದಿ ಹಿಂಗ ಸಣ್ಣಗ ನಡಗತೈತಿ.” ಅಂಗೈಯನ್ನು ಸ್ವಲ್ಪವೇ ಅಲುಗಿಸಿ ತೋರಿಸಿದಳು. “ಆ ನಾಕು ದಿನ ಆಕಿ ನಕ್ಕಳೋ ಇಲ್ಲೋ, ನನಗ ಗೊತ್ತs ಆಗಲಿಲ್ಲ.”

ಮರುವರ್ಷದ ಹೊತ್ತಿಗೆ ಹಾಸಿಗೆ ಕೊಳ್ಳುವ ಪ್ರತಿಯೊಬ್ಬರಿಂದಲೂ ಒಂದು ಚೀಟಿ ತುಂಬಿಸುವ ರೂಢಿ ಬಂತು. ದಪ್ಪ, ಮೆದು, ಹೊದಿಕೆಯ ಬಣ್ಣ. ಇವನ್ನೆಲ್ಲ ಜನ ಸರಸರನೆ ಬರೆಯುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು: ನಿಮ್ಮ ಮಗ್ಗುಲಲ್ಲಿ ಯಾರು ಹೊರಳಿದರೆ ನಿಮಗೆ ಎಚ್ಚರವಾಗಬೇಕು?

“ಏನ್ ನೋಡ್ತೀರಿ? ನನ್ನ ಹೆಸರ ಬರೀರಿ,” ಎನ್ನುತ್ತಿದ್ದಳು ಒಬ್ಬ ಹೆಂಡತಿ.

“ತಾಸಿಗೊಮ್ಮೆ ಎದ್ದು ನೀರ ಕುಡೀತಿ ನೀ,” ಎಂದು ಗೊಣಗುತ್ತಲೇ ಗಂಡ ಬರೆಯುತ್ತಿದ್ದ.

ಇನ್ನು ಕೆಲವರು ಚೀಟಿಯನ್ನು ಮಡಚಿ ಜೇಬಿಗಿಳಿಸಿ, “ಮನ್ಯಾಗ ಕೇಳಿ ಬರ್ತೀವಿ” ಎಂದು ಹೊರಡುತ್ತಿದ್ದರು. ಹೋದವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ.

ಈ ಫೋಮ್ ಬರುವ ಮೊದಲು, ಒಬ್ಬರು ಹೊರಳಿದರೆ ಮಲಗಿದವರೆಲ್ಲ ಅಲುಗುವ ಹಾಸಿಗೆಗಳ ಕಾಲದಲ್ಲಿ, ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ. ಆಗ ಉತ್ತರ ತಾನಾಗಿಯೇ ಬರುತ್ತಿತ್ತು, ದಿನಾಲೂ, ಎಲ್ಲರ ನಿದ್ದೆ ಕೆಡಿಸುತ್ತ.