ತರಕಾರಿ ಅಂಗಡಿಯಲ್ಲಿ ಇನ್ನೂರ ಹನ್ನೆರಡು ಮಕ್ಕಳು

ಸೋಮವಾರ ಬೆಳಿಗ್ಗೆ 9.35ಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಯಾವ ಮಗು ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಇನ್ನೂರ ಹನ್ನೆರಡು ಬಿಲ್ಲೆಗಳು ಕಚೇರಿಯ ಕಪಾಟಿನಿಂದ ಕಾಣೆಯಾಗಿದ್ದವು. ಅವತ್ತೇ ಅವನ್ನು ಮಕ್ಕಳ ಕೊರಳಿಗೆ ಹಾಕಬೇಕಿತ್ತು. ಬೀಗದ ಕೈ ಇದ್ದದ್ದು ವಾಚ್‌ಮನ್ ಬಳಿ, ಆದ್ದರಿಂದ ಕಳ್ಳ ಅವನೇ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದರು. ಸಂಜೆ ಐದರೊಳಗೆ ಬಿಲ್ಲೆ ಸಿಗದಿದ್ದರೆ ಅವನಿಗೆ ಕೆಲಸವಿಲ್ಲ. ಹೆಂಡತಿ, ಎರಡು ಮಕ್ಕಳ ಜೊತೆ ಗೇಟಿನ ಪಕ್ಕದ ಕೋಣೆಯನ್ನೂ ಖಾಲಿ ಮಾಡಬೇಕು.

ಪೊಲೀಸರ ಕೆಲಸವನ್ನೂ ತಾವೇ ಮುಗಿಸಿಕೊಂಡು ಬರುವ ದೂರುದಾರರೆಂದರೆ ನಮ್ಮ ಇನ್ಸ್‌ಪೆಕ್ಟರ್ ಮೇಡಂಗೆ ಅಷ್ಟಕ್ಕಷ್ಟೆ. ಎಫ್‌ಐಆರ್‌ನಲ್ಲಿ ಆರೋಪಿಯ ಕಾಲಂಗೆ ‘ಅಪರಿಚಿತ’ ಎಂದೇ ಬರೆಸಿದರು.

10.50ಕ್ಕೆ ಇಬ್ಬರು ಶಿಕ್ಷಕರನ್ನು ಪಂಚರನ್ನಾಗಿಸಿ ಸ್ಥಳ ಪಂಚನಾಮೆ ಆಯಿತು. ಬೀಗ ಒಡೆದಿರಲಿಲ್ಲ. ಗೇಟಿನ ರಿಜಿಸ್ಟರ್ ಪ್ರಕಾರ ಶನಿವಾರ ಮಧ್ಯಾಹ್ನದ ಮೇಲೆ ಯಾರೂ ಬಂದಿರಲಿಲ್ಲ. ವಾಚ್‌ಮನ್ ಮೂಲೆಯಲ್ಲಿ ನಿಂತು ಒಣಗಿದ ತುಟಿ ಸವರಿಕೊಳ್ಳುತ್ತಿದ್ದ.

ಆಗ ಹೆಡ್ ಕಾನ್ಸ್‌ಟೆಬಲ್ ತಲೆ ಕೆರೆದುಕೊಂಡ. “ಅಲ್ಲ ಮೇಡಂ, ಮಗು ಎಲ್ಲಿದೆ ಅಂತ ಹೇಳೋ ಬಿಲ್ಲೆ, ತಾನೆಲ್ಲಿದೀನಿ ಅಂತ ಹೇಳಲ್ವಾ?”

ಕಂಪ್ಯೂಟರ್ ಮೇಷ್ಟ್ರು ಸಂಕೋಚದಿಂದ ವಿಷಯ ಬಿಚ್ಚಿದರು: ಹೇಳುತ್ತದೆ, ಶನಿವಾರದಿಂದಲೇ ಹೇಳುತ್ತಿರಬೇಕು; ಆದರೆ ಪರದೆಯನ್ನು ಆಡಳಿತ ಮಂಡಳಿಯ ಅಧ್ಯಕ್ಷರು ಉದ್ಘಾಟಿಸಬೇಕಿತ್ತು, ಅಲ್ಲಿಯವರೆಗೆ ಯಾರೂ ಮುಟ್ಟಬಾರದೆಂದು ಆದೇಶ. ಪರದೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ಹೆಡ್ ಕಾನ್ಸ್‌ಟೆಬಲ್ ರಿಬ್ಬನ್ ಸರಿಸಿ, ಗುಂಡಿ ಒತ್ತಿ, ತಾನೇ ಉದ್ಘಾಟನೆ ಮುಗಿಸಿದ.

ನಕಾಶೆಯ ಮೇಲೆ ಇನ್ನೂರ ಹನ್ನೆರಡು ಮಕ್ಕಳೂ ಒಂದೇ ಗುಂಪಾಗಿ ಊರು ಸುತ್ತಿದ್ದರು. ಶನಿವಾರ 4.20ಕ್ಕೆ ಶಾಲೆಯಿಂದ ಹೊರಗೆ. ಎರಡೂ ರಾತ್ರಿ ಶಾಲೆಯ ಅರ್ಧ ಸಿಬ್ಬಂದಿ ವಾಸವಿರುವ ವಠಾರ. ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ಪ್ರಾರ್ಥನಾ ಮಂದಿರ. 11.25ರಿಂದ 12.10ರವರೆಗೆ ತರಕಾರಿ ಅಂಗಡಿ. ಈ ದಿನ 8.40ಕ್ಕೆ ಮತ್ತೆ ಶಾಲೆಯೊಳಕ್ಕೆ. ಹದಿನಾರು ಕೋಣೆಗಳಲ್ಲಿ ಯಾವುದರಲ್ಲಿ ಎಂದು ಮಾತ್ರ ಯಂತ್ರಕ್ಕೆ ತಿಳಿಯದು.

“ತರಕಾರಿಗೆ ಮುಕ್ಕಾಲು ಗಂಟೆ ಚೌಕಾಸಿ,” ಎಂದ ಹೆಡ್ ಕಾನ್ಸ್‌ಟೆಬಲ್. “ಇದು ಸಂಸಾರ ತೂಗಿಸೋರ ಕೈ ಮೇಡಂ.”

ಇನ್ಸ್‌ಪೆಕ್ಟರ್ ವಾಚ್‌ಮನ್‌ನನ್ನು ಹತ್ತಿರ ಕರೆದರು.

“ಶನಿವಾರ ಯಾರು ಬಂದಿದ್ರು?”

“ಹೊರಗಿನವರು ಯಾರೂ ಇಲ್ಲ ಮೇಡಂ.”

“ಒಳಗಿನವರು?”

“ಹೊಲಿಗೆ ಅಕ್ಕ. ಬಿಲ್ಲೆಗೆ ಬಟ್ಟೆ ಚೀಲ ಹೊಲೀಬೇಕು, ಅಳತೆ ಬೇಕು ಅಂದ್ರು. ಕಪಾಟು ತೆಗೆದುಕೊಟ್ಟು ಬೆಲ್ ಹೊಡೆಯೋಕೆ ಹೋದೆ. ದಿನಾ ಬರೋರನ್ನ ಯಾರು ಬರ್ಕೋತಾರೆ?”

2.15ಕ್ಕೆ ಹೊಲಿಗೆ ಕೋಣೆ. ಸಮವಸ್ತ್ರ ಹೊಲಿಯುವ ಅರವತ್ತೆರಡರ ಆ ಹೆಂಗಸು ಯಂತ್ರ ತುಳಿಯುತ್ತಿದ್ದರು. ಅವರ ಮೊಮ್ಮಗಳು ಅಲ್ಲೇ ಮೂರನೇ ತರಗತಿ. ಇನ್ಸ್‌ಪೆಕ್ಟರ್ ಬಿಲ್ಲೆಯ ಮಾತೇ ಎತ್ತಲಿಲ್ಲ. ವಾಚ್‌ಮನ್ ಸಂಜೆ ಐದಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡಬೇಕಂತೆ ಎಂದಷ್ಟೇ ಹೇಳಿದರು.

ಯಂತ್ರ ನಿಂತಿತು. ಹೊಲಿಗೆ ಅಕ್ಕ ಎದ್ದು, ಊಟದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಅವನ ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ. ತಗೊಂಡಿದ್ದು ನಾನು.”

ಎಣಿಸಿದಾಗ ಇನ್ನೂರ ಹನ್ನೆರಡೂ ಇದ್ದವು. ಪ್ರತಿಯೊಂದಕ್ಕೂ ಪುಟ್ಟ ಚೀಲ, ಅಚ್ಚುಕಟ್ಟಾದ ಹೊಲಿಗೆ. ಕದ್ದ ಮಾಲಿಗೆ ಇಷ್ಟು ಉಪಚಾರ ಠಾಣೆಯ ಇತಿಹಾಸದಲ್ಲೇ ಇರಲಿಲ್ಲ. ಎಲ್ಲೆಂದರಲ್ಲಿ ಹೊತ್ತು ತಿರುಗಿದ್ದೇಕೆ ಎಂದು ಕೇಳಿದಾಗ ಕಾರಣ ತಿಳಿಯಿತು. ಮಗುವಿನ ಕೊರಳಿಗೆ ಬಿದ್ದ ಮೇಲೆ ಬಿಲ್ಲೆಗೆ ಜೀವ ಬರುತ್ತದೆ ಎಂದು ಕಂಪನಿಯ ಹುಡುಗ ಸಭೆಯಲ್ಲಿ ಜಂಬ ಕೊಚ್ಚಿದ್ದ. ಅಕ್ಕ ಅದನ್ನು ಅಕ್ಷರಶಃ ನಂಬಿದ್ದರು. ಮನೆಯಲ್ಲಿಟ್ಟರೆ ಮೊಮ್ಮಗಳು ಎಲ್ಲಿ ಕೊರಳಿಗೆ ಹಾಕಿಕೊಂಡಾಳೋ ಎಂದು ಜೊತೆಯಲ್ಲೇ ಇಟ್ಟುಕೊಂಡಿದ್ದರು.

3.40ಕ್ಕೆ ಮಹಿಳಾ ಕಾನ್ಸ್‌ಟೆಬಲ್ ಸಮಕ್ಷಮ ಬಂಧನವಾಯಿತು. ಠಾಣೆಯಲ್ಲಿ ಹೇಳಿಕೆ ದಾಖಲಿಸಿಕೊಳ್ಳಲಾಯಿತು. ಬಿಲ್ಲೆಯೆಂದರೆ ಲೋಕ ಮುಗಿಯುವ ಗುರುತು ಎಂದು ಪ್ರಾರ್ಥನಾ ಮಂದಿರದಲ್ಲಿ ಕೆಲವರು ಹೆದರಿಸಿದ್ದರಂತೆ. ಅಕ್ಕ ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಅವರ ಭಯವೇ ಬೇರೆ.

“ಮೊಮ್ಮಗಳು ಏಳನೇ ತಿಂಗಳಿಗೇ ಹುಟ್ಟಿದ್ದು. ಡಾಕ್ಟರು ಕೈಬಿಟ್ಟಿದ್ರು. ಅವತ್ತು ಮೇಲಿನವನ ಕೈಗೆ ಒಪ್ಪಿಸಿದೆ, ಎಂಟು ವರ್ಷ ಕಣ್ಣಿಟ್ಟು ಕಾದಿದಾನೆ. ಈಗ ಕಾಯೋಕೆ ಬೇರೆ ಯಂತ್ರ ಇಟ್ಕೊಂಡ್ರೆ, ಸರಿ ಹಾಗಾದ್ರೆ ನೀವೇ ನೋಡ್ಕೊಳ್ಳಿ ಅಂತ ಅವನು ಕೈ ತೊಳ್ಕೊಂಡ್ರೆ?”

“ನಿಮ್ಮ ಮೊಮ್ಮಗಳದ್ದೊಂದು ತೆಗೆದಿದ್ರೆ ಸಾಕಿತ್ತಲ್ಲ?”

“ಉಳಿದವೂ ಮಕ್ಕಳೇ ಅಲ್ವೇನಮ್ಮಾ?”

ಇನ್ಸ್‌ಪೆಕ್ಟರಿಗೆ ಆ ಮುದುಕಿಯ ಮೇಲೆ ಅಕ್ಕರೆ ಉಕ್ಕಿಬಂದಿತ್ತು. ಹೇಳಿಕೆಯನ್ನು ಒಂದಕ್ಷರ ಬಿಡದೆ ಬರೆಸಿದರು.

ಠಾಣೆಯಲ್ಲೇ ಜಾಮೀನು ಕೊಡಬಹುದಿತ್ತು, ಆದರೆ ಹೊಣೆ ನಿಲ್ಲುವವರು ಬೇಕಿತ್ತು. 4.55ಕ್ಕೆ ವಾಚ್‌ಮನ್ ಏದುಸಿರು ಬಿಡುತ್ತ ಬಂದ. ಅವನ ಕೆಲಸವೂ ಕೋಣೆಯೂ ಉಳಿದಿದ್ದವು. ಅವನನ್ನು ಕಂಡದ್ದೇ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು.

“ನನ್ನಿಂದ ನೀನು ಬೀದಿಗೆ ಬೀಳ್ತಿದ್ದೆಯಲ್ಲೋ ತಮ್ಮಾ.”

“ಬೀಳೋಕೆ ನೀವು ಬಿಡ್ಲಿಲ್ವಲ್ಲ,” ಎಂದು ಅವನು ಪೆನ್ನು ಕೇಳಿದ.

ಹೆಡ್ ಕಾನ್ಸ್‌ಟೆಬಲ್ ಜಾಮೀನು ಪತ್ರ ತುಂಬುತ್ತ, ಆರೋಪಿಗೆ ಏನಾಗಬೇಕು ಎಂದು ಕೇಳಿದ.

“ತಮ್ಮ.”

ಹೆಡ್ ಕಾನ್ಸ್‌ಟೆಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಸಂಬಂಧಕ್ಕೆ ದಾಖಲೆ ಏನೂ ಬೇಡ, ಹಾಗೇ ಬರ್ಕೊಳ್ಳಿ ಎಂದರು ಅವರು.